ಕೊರೀನ್‌ಳ ಆಲೂಗಡ್ಡೆ ರಜೆ

ನನ್ನ ತಮ್ಮ ಲಿಯೊನೆಲ್‌ನ ಮಗಳು ಕೊರೀನ್‌ಗೆ ಹಲ್ಲಿನ ಡಾಕ್ಟರಾಗುವ ಆಸೆ ಹುಟ್ಟಿದ್ದು ನನ್ನ ಅಡಿಗೆಮನೆಯ ಮೇಜಿನ ಹತ್ತಿರ. ಅವಳ ತಾಯಿ ತೀರಿಕೊಂಡ ಮೇಲೆ ಅವಳು ಶಾಲೆ ಬಿಟ್ಟ ಕೂಡಲೇ ರಸ್ತೆ ದಾಟಿ ನನ್ನ ಮನೆಗೆ ಬರುತ್ತಿದ್ದಳು. ಲಿಯೊನೆಲ್ ಹೊಲದಿಂದ ಬಂದು ಕರೆದುಕೊಂಡು ಹೋಗುವವರೆಗೆ ನನ್ನ ಜೊತೆಯೇ ಇರುತ್ತಿದ್ದಳು. ಆಗ ಅವಳಿಗೆ ಒಂಬತ್ತು ವರ್ಷವಿರಬೇಕು. ಒಂದು ಶುಕ್ರವಾರ ನಾನು ವಸಡು ನೋಯುತ್ತದೆಂದು ಹಲ್ಲಿನ ಸೆಟ್ಟು ತೆಗೆದು ನೀರಿನ ಲೋಟಕ್ಕೆ ಹಾಕಿ, ಮಾರನೆಯ ದಿನದ ಅಡಿಗೆಗೆ ಬೀನ್ಸ್ ಕಾಳು ಆರಿಸುತ್ತಾ ಕೂತಿದ್ದೆ. ಅವಳು ಮೇಜಿನ ಮೇಲೆ ಗದ್ದ ಊರಿ ಲೋಟವನ್ನೇ ನೋಡುತ್ತಿದ್ದಳು.

“ಮತಾಂತ್ ಒಡಿಲ್, ನಿನ್ನ ಹಲ್ಲು ಹುಳುಕಾಗಿತ್ತಾ?”

ನಮ್ಮಲ್ಲಿ ಅಪ್ಪನ ಅಕ್ಕನನ್ನು ಹಾಗೇ ಕರೆಯುವುದು, ಮತಾಂತ್ ಅಂತ.

“ಇಲ್ಲಮ್ಮ.”

“ನೋಯ್ತಿತ್ತಾ?”

“ಎಲ್ಲಿಯ ನೋವು! ಕಾಡಿಂದ ತಂದ ಕಾಯಿನೆಲ್ಲ ಹಲ್ಲಲ್ಲೇ ಒಡೀತಿದ್ದೆ ನಾನು.”

“ಮತ್ಯಾಕೆ ಕೀಳಿಸ್ಕೊಂಡೆ?”

“ಮದುವೆಗೆ ಅಂತ ನಮ್ಮಪ್ಪ ಕೀಳಿಸ್ದ.”

ದೇಶದ ಉತ್ತರದ ಅಂಚಿನಲ್ಲಿರುವ, ಫ್ರೆಂಚ್ ಮಾತಾಡುವವರ ನಮ್ಮ ಕಣಿವೆಯಲ್ಲಿ ಆಗ ಹಾಗಿತ್ತು. ಮದುವೆ ಗೊತ್ತಾದ ಹುಡುಗಿಯ ಹಲ್ಲನ್ನೆಲ್ಲ ತೆಗೆಸಿ ಹೊಸ ಸೆಟ್ಟು ಕಟ್ಟಿಸಿ ಕೊಡುವುದು ತಂದೆಯ ಉಡುಗೊರೆ. ಮುಂದೆ ಗಂಡನಿಗೆ ಹಲ್ಲಿನ ಖರ್ಚು ಬೀಳಬಾರದಲ್ಲ, ಅದಕ್ಕೆ. ನನ್ನ ವಾರಗೆಯ ಕೆಲವರಿಗೆ ಹೊಲಿಗೆ ಯಂತ್ರ ಬಂತು, ಕೆಲವರಿಗೆ ಹಾಸಿಗೆ ಬಂತು, ನನಗೆ ಹಲ್ಲು ಬಂತು. ನಾನು ಅತ್ತವಳಲ್ಲ. ಮದುವೆಯ ಫೋಟೋದಲ್ಲಿ ನನ್ನ ಹಲ್ಲು ಜೋಳದ ತೆನೆಯ ಹಾಗೆ ಸಾಲಾಗಿ ಕಾಣುತ್ತದೆ. ಅದನ್ನೇ ಅವಳಿಗೆ ಹೇಳಿದೆ.

ಅವಳು ಇದನ್ನೆಲ್ಲ ಕೇಳಿ, “ನಿನ್ನ ಒಳ್ಳೆ ಹಲ್ಲೆಲ್ಲ ಎಲ್ಲಿ ಹೋಯ್ತು?” ಎಂದಳು.

ಅಷ್ಟು ವರ್ಷಗಳಲ್ಲಿ ಅದನ್ನು ನಾನು ಒಮ್ಮೆಯೂ ಯೋಚಿಸಿರಲಿಲ್ಲ. “ಡಾಕ್ಟರ ಬಕೆಟ್ಟಿಗೆ ಹೋಯ್ತು” ಎಂದೆ.

“ನಾನಾಗಿದ್ರೆ ಕೀಳ್ತಿರಲಿಲ್ಲ” ಎಂದಳು ಕೊರೀನ್. ಹಾಗೆ ಹೇಳಿದವಳ ಕಣ್ಣು ತುಂಬಿತ್ತು. ನನ್ನ ಹಲ್ಲಿಗಾಗಿ ಅತ್ತವಳು ಅವಳೊಬ್ಬಳೇ.

ನನ್ನ ಹಲ್ಲು ಕಿತ್ತ ಡಾಕ್ಟರು ಸತ್ತ ಮೇಲೆ ನಮ್ಮ ಊರಿಗೆ ಇನ್ನೊಬ್ಬ ಬಂದ, ಕೆಲವು ವರ್ಷ ಇದ್ದು ಹೋದ. ಆಮೇಲೆ ಯಾರೂ ಬರಲಿಲ್ಲ. ಹಲ್ಲು ನೋವು ಬಂದರೆ ಅರ್ಧ ದಿನ ಕಾರು ಓಡಿಸಿಕೊಂಡು ದಕ್ಷಿಣಕ್ಕೆ ಹೋಗಬೇಕು. ಹೋಗದವರು ಲವಂಗ ಕಚ್ಚಿಕೊಂಡು ಕೂರುತ್ತಾರೆ. ಕೂರಲಾರದವರು ಕೊಟ್ಟಿಗೆಗೆ ಹೋಗಿ ಇಕ್ಕಳ ಹುಡುಕುತ್ತಾರೆ. ಕೊರೀನ್ ಹಲ್ಲಿನ ಡಾಕ್ಟರಾಗುತ್ತಾಳಂತೆ ಎಂಬ ಸುದ್ದಿ ಹಬ್ಬಿದಾಗ ಚರ್ಚಿನ ಮೆಟ್ಟಿಲ ಮೇಲೆ ಜನ ಅವಳನ್ನು ನಿಲ್ಲಿಸಿ ಬಾಯಿ ತೆರೆದು ತೋರಿಸುತ್ತಿದ್ದರು. ಅವಳಿನ್ನೂ ಶಾಲೆಯ ಚೀಲ ಹೊರುವ ಹುಡುಗಿ. ಪಕ್ಕದ ಹೊಲದ ಆಲ್ಸೀಡ್ ಅಂತೂ ಪ್ರತಿ ಭಾನುವಾರ ಅದೇ ಮಾತು: “ಬೇಗ ಬೇಗ ಓದಮ್ಮ. ಹಿಂದಿಂದು ಮೂರು ಉಳ್ಕೊಂಡಿವೆ. ನಿನಗೇ ಅಂತ ಇಟ್ಕೊಂಡಿದೀನಿ.”

ಓದಿನಲ್ಲಿ ಅವಳು ಚುರುಕು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ನಾನು ಆರನೆಯ ತರಗತಿಗೆ ಬಿಟ್ಟವಳು, ಲಿಯೊನೆಲ್ ಎಂಟಕ್ಕೆ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಜಿಲ್ಲೆಯ ಶಾಲೆಗಳು ಬೇಸಿಗೆ ಮುಗಿಯುವ ಮೊದಲೇ ತೆರೆಯುತ್ತವೆ. ಸೆಪ್ಟೆಂಬರಿನಲ್ಲಿ ಆಲೂಗಡ್ಡೆ ಅಗೆಯಲು ಮೂರು ವಾರ ಮುಚ್ಚುತ್ತವೆ. ನನ್ನ ಕಾಲದಲ್ಲಿ ಬುಟ್ಟಿ ಹಿಡಿದು ಬಗ್ಗಿ ಆರಿಸುತ್ತಿದ್ದೆವು. ಈಗ ಯಂತ್ರ ಅಗೆಯುತ್ತದೆ. ಯಂತ್ರದ ಮೇಲೆ ಓಡುವ ಪಟ್ಟಿಯ ಎರಡೂ ಕಡೆ ಮಕ್ಕಳು ದೊಡ್ಡವರು ನಿಂತು ಕಲ್ಲು, ಕೊಳೆತದ್ದು, ಬೇರು ಎತ್ತಿ ಎಸೆಯುತ್ತಾರೆ. ಆ ಮೂರು ವಾರ ಮೇಷ್ಟ್ರೂ ಯಾರದಾದರೂ ಹೊಲದಲ್ಲೇ ಇರುತ್ತಾರೆ. ಹಿಮ ಬೀಳುವ ಮೊದಲು ಆಲೂಗಡ್ಡೆ ಮನೆ ಸೇರಬೇಕು. ಕೊರೀನ್ ಹತ್ತು ವರ್ಷದಿಂದ ಆ ಪಟ್ಟಿಯ ಪಕ್ಕ ನಿಂತವಳು. ಸೆಪ್ಟೆಂಬರಿನಲ್ಲಿ ಬೇರೆಲ್ಲಾದರೂ ಇರಬಹುದು ಎನ್ನುವುದೇ ಅವಳಿಗೆ ಗೊತ್ತಿರಲಿಲ್ಲ.

ಕಾಲೇಜಿಗೆ ಸೇರಿದ ಮೊದಲ ಸೆಪ್ಟೆಂಬರಿನಲ್ಲಿ ಲಿಯೊನೆಲ್ ಯಾವತ್ತಿನ ಹಾಗೆ ಫೋನ್ ಮಾಡಿ, “ಸೋಮವಾರ ಅಗೆತ ಶುರು ಮಾಡ್ತೀವಿ” ಎಂದ. ಬಾ ಎಂದು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಶನಿವಾರದ ಬಸ್ಸಿಗೆ ಅವಳು ಬಂದಿಳಿದಳು. ಕೈಯಲ್ಲಿ ರಸಾಯನಶಾಸ್ತ್ರದ ಪುಸ್ತಕ, ಇಟ್ಟಿಗೆಯಷ್ಟು ದಪ್ಪ.

ನಾನು ಕೇಳಿದೆ, “ಕಾಲೇಜಿಗೂ ರಜೆ ಇದೆಯಾ?”

“ಎಲ್ಲರಿಗೂ ಇಲ್ಲ ಮತಾಂತ್. ನಮ್ಮ ಕಡೆಯವರಿಗೆ ಇರುತ್ತೆ ಅನ್ಸುತ್ತೆ. ಹಾಸ್ಟೆಲ್ ನೋಡ್ಕೊಳ್ಳೋ ಹುಡುಗಿಗೆ ಹೇಳಿ ಬಂದಿದೀನಿ, ಅಗೆತಕ್ಕೆ ಮನೆಗೆ ಹೋಗ್ತೀನಿ ಅಂತ. ‘ಚೆನ್ನಾಗಿ ಕಳೀರಿ ರಜೆ’ ಅಂದ್ಲು.”

ಶಾಲೆಯಲ್ಲಿದ್ದಾಗಲೂ ಅಷ್ಟೇ ಅಲ್ಲವೇ, ರಜೆ ಬೇಕಾದರೆ ಆಫೀಸಿನಲ್ಲಿ ಒಬ್ಬರಿಗೆ ಹೇಳಿದರೆ ಮುಗಿಯಿತು. ಒಂದೇ ರಾಜ್ಯ, ನಮ್ಮ ಆಲೂಗಡ್ಡೆಯನ್ನೇ ತಿನ್ನುವ ಜನ, ಅವರಿಗೆ ಗೊತ್ತಿರುವುದಿಲ್ಲವೇ ಎಂದುಕೊಂಡೆವು ನಾವೆಲ್ಲ. ಆ ವರ್ಷ ಬೆಳೆ ಚೆನ್ನಾಗಿತ್ತು. ಕೊರೀನ್ ತಲೆಗೆ ಬಟ್ಟೆ ಕಟ್ಟಿಕೊಂಡು ಪಟ್ಟಿಯ ಪಕ್ಕ ನಿಂತು ಯಂತ್ರದ ಸದ್ದಿನ ಮೇಲೆ ಕೂಗಿ ಹಾಡುತ್ತಿದ್ದಳು. ಪುಸ್ತಕ ಅಡಿಗೆಮನೆಯ ಕಿಟಕಿಯ ಮೇಲೆ ಮಣ್ಣು ಹಿಡಿಯುತ್ತಾ ಇತ್ತು. ಮೂರು ವಾರ ಕಳೆದು ಮರಳಿ ಹೋದಳು.

ಹೋಗಿ ನೋಡಿದರೆ ಪರೀಕ್ಷೆಯೊಂದು ಆಗಿಹೋಗಿತ್ತು. ಪ್ರಯೋಗದ ತರಗತಿಗೆ ಅಷ್ಟು ಸಲ ಬಾರದವರು ತಾವಾಗಿಯೇ ಫೇಲು ಎಂದು ಗೋಡೆಗೆ ಅಂಟಿಸಿದ್ದರು. ಆಗಲಾದರೂ ಅವಳು ಮೇಷ್ಟ್ರ ಕೋಣೆಗೆ ಹೋಗಿ, ಹೀಗಾಯಿತು ಸಾರ್, ಇನ್ನೊಂದು ಸಲ ಬರೆಯಲೇ ಎಂದು ಕೇಳಬಹುದಿತ್ತು. ಕೇಳಲಿಲ್ಲ. ನಮ್ಮಲ್ಲಿ ಕೇಳುವ ಅಭ್ಯಾಸವಿಲ್ಲ. ನನ್ನ ಕಾಲದ ಶಾಲೆಯಲ್ಲಿ ನಮ್ಮ ಮನೆಮಾತು ಫ್ರೆಂಚಿನಲ್ಲಿ ಬಾಯಿಬಿಟ್ಟರೆ ಮಂಡಿಯೂರಿಸುತ್ತಿದ್ದರು. ಇಂಗ್ಲಿಷಿನಲ್ಲಿ ಕೇಳಲು ಬರುತ್ತಿರಲಿಲ್ಲ. ಬಚ್ಚಲಿಗೆ ಹೋಗಬೇಕೆಂದರೂ ತುಟಿ ಕಚ್ಚಿ ಕೂತೆವು. ಕೊರೀನ್‌ಳ ಕಾಲಕ್ಕೆ ಆ ಶಿಕ್ಷೆ ಇರಲಿಲ್ಲ. ಅವಳಿಗೆ ಇಂಗ್ಲಿಷೂ ಬರುತ್ತಿತ್ತು. ಆದರೆ ಅವಳನ್ನು ಬೆಳೆಸಿದವರು ನಾವು.

ರಸಾಯನಶಾಸ್ತ್ರ ಫೇಲು, ಗಣಿತ ಫೇಲು, ಜೀವಶಾಸ್ತ್ರ ಕೂದಲೆಳೆಯಲ್ಲಿ ಪಾಸು. ಕ್ರಿಸ್‌ಮಸ್ಸಿಗೆ ಬಂದಾಗ ಹೇಳಿದಳು. ಮಾಂಸದ ಕಡುಬು ಕೊಯ್ಯುತ್ತಿದ್ದ ಲಿಯೊನೆಲ್ ಚಾಕು ಹಾಗೇ ಹಿಡಿದುಕೊಂಡು ನಿಂತ.

“ಅಗೆತಕ್ಕೆ ಬಂದಿದ್ದಕ್ಕಾ?”

“ನಾನೇ ವಿಚಾರಿಸ್ಬೇಕಿತ್ತು ಪಪಾ.”

“ಫೋನ್ ಮಾಡಿದ್ದು ನಾನು.”

“ಮತ್ತೆ ಓದ್ತೀನಿ. ಅದೇ ಪಾಠ ಇನ್ನೊಂದು ಸಲ ತಗೊಂಡು ಪಾಸಾದ್ರೆ ಹಳೆಯ ಅಂಕ ಹೊಡೆದು ಹಾಕ್ತಾರಂತೆ. ಕಡುಬು ಕೊಯ್ಯಿ, ತಣ್ಣಗಾಗ್ತಿದೆ.”

ಕೊಯ್ದ. ತಾನು ತಿನ್ನಲಿಲ್ಲ.

ಮುಂದಿನ ಸೆಪ್ಟೆಂಬರಿನಿಂದ ಅವನು ಅಗೆತದ ಸುದ್ದಿ ಎತ್ತಿ ಅವಳಿಗೆ ಫೋನ್ ಮಾಡಿದ್ದೇ ಇಲ್ಲ. ಅವಳೇ ಮಾಡಿದರೆ, “ಎಲ್ಲ ಮುಗೀತು, ಮನೆಗೆ ತುಂಬಾಯ್ತು” ಎನ್ನುತ್ತಿದ್ದ. ಇನ್ನೂ ಅರ್ಧ ಹೊಲ ಬಾಕಿ ಇರುತ್ತಿತ್ತು. ಅವಳು ನಿಲ್ಲುತ್ತಿದ್ದ ಜಾಗದಲ್ಲಿ ಕೂಲಿಗೆ ಬಂದ ಯಾರನ್ನೋ ನಿಲ್ಲಿಸುತ್ತಿದ್ದ. ಅವರು ಕಲ್ಲು ಬಿಟ್ಟರೆ ಬೈಯುತ್ತಿದ್ದ. ಅವಳು ಬಿಟ್ಟಾಗ ಎಂದೂ ಬೈದವನಲ್ಲ.

ಕೊರೀನ್ ಹೇಳಿದ ಹಾಗೇ ಮಾಡಿದಳು. ಹೋದ ಪಾಠಗಳನ್ನು ಮತ್ತೆ ಓದಿ ಒಳ್ಳೆಯ ಅಂಕ ತೆಗೆದಳು. ಕಾಲೇಜಿನವರು ಹಳೆಯದನ್ನು ಬಿಟ್ಟು ಹೊಸದನ್ನು ಲೆಕ್ಕಕ್ಕೆ ಹಿಡಿದರು. ಆದರೆ ಬುನಾದಿ ಅಲ್ಲಾಡಿತ್ತಲ್ಲ, ಎರಡನೆಯ ವರ್ಷವೂ ಅಲ್ಲಲ್ಲಿ ಮುಗ್ಗರಿಸಿದಳು. ಸಂಜೆ ಹೊತ್ತು ಕಾಲೇಜಿನ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ ಬೇರೆ. ಮೂರನೆಯ ವರ್ಷದಿಂದ ಸರಿಹೋಯಿತು. ಕೊನೆಗೆ ಬಂದ ಅಂಕಪಟ್ಟಿ ಕೆಟ್ಟದಾಗೇನೂ ಇರಲಿಲ್ಲ. ಲಿಯೊನೆಲ್ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಚರ್ಚಿಗೆ ಹೋದ.

ಆಮೇಲೆ ದಂತವೈದ್ಯ ಶಾಲೆಗಳಿಗೆ ಅರ್ಜಿ ಹಾಕುವಾಗ ಗೊತ್ತಾಯಿತು. ಅಲ್ಲಿ ಎಲ್ಲ ಶಾಲೆಗಳ ಅರ್ಜಿಯೂ ಒಂದೇ ಕಡೆ ಸೇರುತ್ತದೆ. ಮಕ್ಕಳು ಬರೆದ ಪ್ರತಿ ಪರೀಕ್ಷೆಯನ್ನೂ ಅವರು ಎಣಿಸುತ್ತಾರೆ. ಕಾಲೇಜು ಹೊಡೆದು ಹಾಕಿದ್ದು ಅವರಿಗೆ ಹೊಡೆದು ಹಾಕಿದ್ದಲ್ಲ. ಆ ಮೊದಲ ಸೆಪ್ಟೆಂಬರ್ ಹಾಗೇ ಎದ್ದು ಬಂದು ಕೂತಿತು. ಬೇರೆ ಮಕ್ಕಳ ಸರಾಸರಿ ಅಂಕ ನಾಲ್ಕಕ್ಕೆ ಮೂರೂವರೆ ಇರುವ ಸಾಲಿನಲ್ಲಿ ಇವಳದು ಎರಡೂ ಮುಕ್ಕಾಲು.

ಇದನ್ನು ಅವಳು ಅಪ್ಪನಿಗೆ ತಿಳಿಹೇಳಲು ಒಂದು ದಾರಿ ಹುಡುಕಿದಳು. “ಲಾರಿಗೆ ತಳದಲ್ಲಿ ಕೊಳೆತದ್ದು ಬಿದ್ದುಬಿಟ್ಟಿದೆ ಅಂತ ಇಟ್ಕೋ ಪಪಾ. ಮೇಲೆ ಎಷ್ಟು ಒಳ್ಳೇದು ತುಂಬಿದ್ರೂ ತೂಕ ಹಾಕೋವಾಗ ಎಲ್ಲಾ ಸೇರಿಸಿಯೇ ಹಾಕ್ತಾರೆ.”

“ತಳದ್ದು ತುಂಬಿಸಿದ್ದು ನಾನು” ಎಂದ ಲಿಯೊನೆಲ್. ಅವಳು ಆ ಹೋಲಿಕೆಯನ್ನು ಮತ್ತೆ ಬಾಯಿಗೆ ತರಲಿಲ್ಲ.

ಆ ವರ್ಷ ಯಾವ ಶಾಲೆಯೂ ಅವಳನ್ನು ಕರೆಯಲಿಲ್ಲ. ಕಾಲೇಜಿನ ಸಲಹೆಗಾರ್ತಿ, ಬೇರೆ ಏನಾದರೂ ನೋಡಿಕೋ ಎಂದರಂತೆ. ಅವಳು ನೋಡಿಕೊಳ್ಳಲಿಲ್ಲ. ದಕ್ಷಿಣದ ಪಟ್ಟಣದಲ್ಲಿ ಹ್ಯಾಸ್ಕೆಲ್ ಎಂಬ ಹಲ್ಲಿನ ಡಾಕ್ಟರ ಬಳಿ ಸಹಾಯಕಿಯಾಗಿ ಸೇರಿದಳು. ಒಳ್ಳೆಯ ಮನುಷ್ಯ. ಅವರು ಹೇಳಿದರು: “ಹಳೆಯ ಅಂಕ ಎಷ್ಟೇ ಗುದ್ದಾಡಿದ್ರೂ ಮೇಲಕ್ಕೇಳಲ್ಲ. ಈಗ ಕಷ್ಟದ ಪಾಠಗಳನ್ನ ಹೊಸದಾಗಿ ತಗೊಂಡು ಓದು. ಈಗಿನ ನೀನು ಯಾರು ಅಂತ ಅವರಿಗೆ ಕಾಣಬೇಕು. ಪ್ರವೇಶ ಪರೀಕ್ಷೆ ಇನ್ನೊಂದು ಸಲ ಬರಿ. ಅರ್ಜಿ ಕೊನೇ ದಿನಕ್ಕೆ ಇಟ್ಕೋಬೇಡ, ಬಾಗಿಲು ತೆಗೆದ ದಿನಾನೇ ಹಾಕು.” ಅವಳು ಹಗಲು ಅವರ ಬಳಿ ಎಂಜಲು ಹೀರುವ ಕೊಳವೆ ಹಿಡಿದು ನಿಂತು, ಸಂಜೆ ತರಗತಿಗೆ ಹೋಗುತ್ತಿದ್ದಳು. ಹಾಗೆಯೇ ವರ್ಷಗಳು ಕಳೆದವು. ಅವಳ ಜೊತೆಯ ಹುಡುಗಿಯರು ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದರು.

ಈಸ್ಟರಿಗೆ ಬಂದಾಗ ಚರ್ಚಿನ ಮೆಟ್ಟಿಲ ಮೇಲೆ ಆಲ್ಸೀಡ್ ಬಾಯಿ ತೆರೆದು ತೋರಿಸಿದ. “ಕಾದೂ ಕಾದೂ ಸಾಕಾಗಿ ಎರಡು ತಾವಾಗೇ ಬಿದ್ದೋದ್ವು. ಇನ್ನೊಂದಿದೆ. ಅದಕ್ಕೂ ನನ್ನಷ್ಟು ತಾಳ್ಮೆ ಇಲ್ಲ.”

“ಬಿದ್ದ ಎರಡನ್ನ ಜೋಪಾನ ಮಾಡಿಡು ಆಲ್ಸೀಡ್, ಬಂದು ಅಂಟಿಸ್ಕೊಡ್ತೀನಿ” ಎಂದಳು ಕೊರೀನ್. ಎಲ್ಲರೂ ನಕ್ಕರು. ಕಾರಿನೊಳಗೆ ಕೂತ ಮೇಲೆ ಅವಳ ಮುಖ ನೋಡಲಾಗಲಿಲ್ಲ ನನಗೆ.

ಎರಡನೆಯ ಸಲದ ಅರ್ಜಿಯಲ್ಲಿ, ಆ ಮೊದಲ ವರ್ಷ ಯಾಕೆ ಹಾಗಾಯಿತು ಎಂದು ಬರೆಯಲು ಜಾಗವಿತ್ತು. ಅದರ ವಿಷಯ ನನ್ನ ಅಡಿಗೆಮನೆಯಲ್ಲೇ ಮಾತಾಯಿತು. ನಾನು ನಮ್ಮ ಕಡೆಯ ಬಕ್‌ವೀಟ್ ಕಾಳಿನ ಹಿಟ್ಟಿನ ದೋಸೆ ಹುಯ್ಯುತ್ತಿದ್ದೆ. ಲಿಯೊನೆಲ್ ಕಾಕಂಬಿ ಸುರಿದುಕೊಳ್ಳುತ್ತಿದ್ದ.

“ಕಾಲೇಜಿನ ಆಫೀಸಲ್ಲಿ ಒಬ್ಬರು ಹೇಳಿದ್ರು” ಎಂದಳು ಕೊರೀನ್ ನಗುತ್ತಾ, “ಮನೇಲಿ ಕಾಯಿಲೆ ಇತ್ತು ಅಂತ ಬರಿ, ಯಾರೂ ಏನೂ ಅನ್ನಲ್ಲ ಅಂತ.”

ಲಿಯೊನೆಲ್ ಕಾಕಂಬಿಯ ಸೀಸೆ ಕೆಳಗಿಟ್ಟ. “ಬರಿ. ಅಪ್ಪ ಸಾಯೋ ಹಾಗಿದ್ದ ಅಂತ ಬರಿ.”

“ಆ ವರ್ಷ ನೀನು ಎರಡಾಳಿನ ಕೆಲಸ ಮಾಡ್ದೆ ಪಪಾ. ಊರೆಲ್ಲ ನೋಡಿದೆ.”

“ಊರನ್ನ ಕೇಳೋಕೆ ಯಾರು ಬರ್ತಾರೆ? ಬೇಕಾದ್ರೆ ಈಗ ಮಲಕ್ಕೋತೀನಿ. ಒಡಿಲ್, ಹಾಸಿಗೆ ಹಾಸು.”

“ದೋಸೆ ತಿಂದು ಮಲಕ್ಕೋ” ಎಂದೆ.

ಕೊರೀನ್ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ಹೇಳಿದಳು, “ಅಗೆತಕ್ಕೆ ಹೋಗಿದ್ದೆ ಅಂತಲೇ ಬರೀತೀನಿ. ಅದು ಕಾಯಿಲೆ ಅಲ್ಲ.” ಹಾಗೇ ಬರೆದಳು. ಆ ವರ್ಷವೂ ಯಾರೂ ಕರೆಯಲಿಲ್ಲ. ಸುಳ್ಳು ಬರೆದಿದ್ದರೆ ಕರೆಯುತ್ತಿದ್ದರೋ ಏನೋ, ಆ ಮಾತನ್ನು ನಾವು ಮೂವರೂ ಆಡಲಿಲ್ಲ.

ಮೂರನೆಯ ಸಲ ಅರ್ಜಿ ಹಾಕಿದ ಬೇಸಿಗೆಯಲ್ಲಿ ಲಿಯೊನೆಲ್ ಇಳಿಯತೊಡಗಿದ. ಜುಲೈನಲ್ಲಿ ಅವಳು ಬಂದಾಗ, “ಪ್ಯಾಂಟು ಯಾಕೆ ಇಷ್ಟು ಸಡಿಲ?” ಎಂದು ಕೇಳಿದಳು. “ನಿಮ್ಮತ್ತೆ ಅಡಿಗೆ ಕೆಟ್ಟುಹೋಗಿದೆ” ಎಂದ. ಅವಳು ಹೋದ ಮೇಲೆ ಆಗಸ್ಟಿನಲ್ಲಿ ತೋರಿಸಿದೆವು. ಮೇದೋಜೀರಕ ಗ್ರಂಥಿಯಲ್ಲಿ ಗಂಟು, ಆಗಲೇ ಯಕೃತ್ತಿಗೂ ಹರಡಿತ್ತು. ಡಾಕ್ಟರು ವಾರಗಳ ಲೆಕ್ಕದಲ್ಲಿ ಮಾತಾಡಿದರು. ಮಗಳಿಗೆ ತಿಳಿಸೋಣ ಎಂದೆ. “ಈ ಸಲ ಅವಳ ಅರ್ಜಿ ಚೆನ್ನಾಗಿದೆಯಂತೆ. ಸ್ವಲ್ಪ ತಡಿ” ಎಂದ. ಸೆಪ್ಟೆಂಬರಿನಲ್ಲಿ ಅವನನ್ನು ನಮ್ಮ ಕಣಿವೆಯ ಸಣ್ಣ ಆಸ್ಪತ್ರೆಗೆ ಸೇರಿಸಿದೆವು. ಅವನ ಹೊಲವನ್ನು ಆಲ್ಸೀಡ್ ಮತ್ತು ಅಕ್ಕಪಕ್ಕದವರು ಅಗೆಯುತ್ತಿದ್ದರು. ಆಸ್ಪತ್ರೆಯ ಕಿಟಕಿಯಿಂದ ನದಿಯಾಚೆಯ ಹೊಲಗಳು ಕಾಣುತ್ತಿದ್ದವು. ಅಲ್ಲಿಯೂ ಯಂತ್ರಗಳು ಓಡಾಡುತ್ತಿದ್ದವು.

ಒಂದು ಬುಧವಾರ ಸಂಜೆ ಅವನ ಫೋನ್ ರಿಂಗಾಯಿತು. ಹೆಸರು ನೋಡಿ ನಾನು ಅವನ ಕಡೆ ನೋಡಿದೆ. ಕೈ ಎತ್ತಲು ಅವನಿಗೆ ಆಗುತ್ತಿರಲಿಲ್ಲ. ನಾನೇ ಕಿವಿಗೆ ಹಿಡಿದೆ. ಕೋಣೆ ಚಿಕ್ಕದು, ಅವಳ ದನಿ ನನಗೂ ಕೇಳಿಸುತ್ತಿತ್ತು. ಬಾಗಿಲ ಬಳಿ ಆಲ್ಸೀಡ್ ಹೊಲದ ಮಣ್ಣಿನ ಬೂಟಿನಲ್ಲೇ ಟೋಪಿ ಹಿಡಿದು ನಿಂತಿದ್ದ.

“ಪಪಾ, ಕರೆದ್ರು! ಸಂದರ್ಶನಕ್ಕೆ. ಒಂದೇ ಶಾಲೆ, ಆದ್ರೂ ಕರೆದ್ರು. ಶುಕ್ರವಾರಾನೇ. ಯಾರೋ ಬರಲ್ಲ ಅಂದ್ರಂತೆ, ಆ ಜಾಗ ನಂಗೆ ಕೊಟ್ಟಿದಾರೆ. ನಾಳೆ ಬಸ್ಸು ಹತ್ತಬೇಕು.”

“ಹತ್ತು” ಎಂದ ಲಿಯೊನೆಲ್. ಆ ದನಿ ಎಲ್ಲಿಂದ ತಂದನೋ, ಹೊಲದಲ್ಲಿ ನಿಂತು ಮಾತಾಡಿದ ಹಾಗೇ ಇತ್ತು.

“ಯಾಕೆ ಅಲ್ಲಿ ಇಷ್ಟು ನಿಶ್ಶಬ್ದ? ಅಗೆತ ಇಲ್ವಾ?”

“ಯಂತ್ರ ಕೆಟ್ಟಿದೆ. ಆಲ್ಸೀಡ್ ರಿಪೇರಿ ಮಾಡ್ತಿದಾನೆ. ಕ್ರಿಸ್‌ಮಸ್ಸಿಗೆ ಸರಿಹೋಗಬಹುದು.”

ಅವಳು ನಕ್ಕಳು. ಆಲ್ಸೀಡ್ ಗೋಡೆಯ ಕಡೆ ತಿರುಗಿಕೊಂಡ.

“ಸುಸ್ತಾದ ಹಾಗಿದೀಯಲ್ಲ ಪಪಾ. ಸಂದರ್ಶನ ಮುಗಿಸ್ಕೊಂಡು ಬರ್ಲಾ? ನಾಲ್ಕು ದಿನ ಕಲ್ಲು ಆರಿಸಿ ಕೊಡ್ತೀನಿ.”

“ಮುಗಿಸ್ಕೊಂಡು ಬಾ. ಮುಗಿಸದೆ ಬರ್ಬೇಡ.” ಸ್ವಲ್ಪ ಉಸಿರು ತೆಗೆದುಕೊಂಡು, “ಕೊರೀನ್, ಆ ವರ್ಷದ್ದು ಕೇಳಿದ್ರೆ ನಿಜ ಹೇಳು. ನಮ್ಮಪ್ಪ ಫೋನ್ ಮಾಡಿ ಕರೆದ ಅಂತ ಹೇಳು” ಎಂದ.

ಫೋನ್ ಇಟ್ಟ ಮೇಲೆ ನಾನು ಹೇಳಿದೆ, “ಲಿಯೊನೆಲ್, ಶುಕ್ರವಾರದವರೆಗೆ ನೀನು...”

“ಗೊತ್ತು” ಎಂದ. “ಒಂದ್ಸಲ ಫೋನ್ ಮಾಡಿದ್ದಕ್ಕೆ ಏಳು ವರ್ಷ ಹೋಯ್ತು ಅವಳದ್ದು. ಇದೊಂದು ದಿನ ತಪ್ಪಿದ್ರೆ ಮತ್ತೆ ಕರೀತಾರಾ? ಯಾರೂ ಫೋನ್ ಮಾಡ್ಬೇಡಿ. ಆಲ್ಸೀಡ್, ನಿನಗೂ ಹೇಳಿದ್ದು.”

ಆಲ್ಸೀಡ್ ತಲೆಯಾಡಿಸಿದ. ನಾನೂ ಆಡಿಸಿದೆ. ಅವನು ಹೇಳಿದ್ದು ನಮಗೆ ಸರಿಯೆನಿಸಿತು. ಅಷ್ಟು ದೊಡ್ಡ ಶಾಲೆ, ದಿನ ಗೊತ್ತುಮಾಡಿದೆ, ಹೋಗಬೇಕು. ಮುಚ್ಚಿದ ಬಾಗಿಲು ಅಷ್ಟು ವರ್ಷಕ್ಕೆ ಒಂದು ಸಲ ತೆರೆದಿದೆ.

ಗುರುವಾರ ಅವನ ಮಾತು ನಿಂತಿತು. ಪಾದ್ರಿಗಳು ಬಂದು ಕೊನೆಯ ಪ್ರಾರ್ಥನೆ ಹೇಳಿ ಹಣೆಗೆ ಎಣ್ಣೆ ಹಚ್ಚಿ ಹೋದರು. ಶುಕ್ರವಾರ ಮಧ್ಯಾಹ್ನ, ಹೊಲದವರು ಊಟಕ್ಕೆ ಯಂತ್ರ ನಿಲ್ಲಿಸುವ ಹೊತ್ತಿಗೆ, ನನ್ನ ತಮ್ಮ ಹೋದ. ಅವಳ ಸಂದರ್ಶನ ಮುಗಿದಿರುತ್ತದೆ ಎಂದು ಖಚಿತವಾಗುವವರೆಗೆ ಕಾದು ನಾನು ಫೋನ್ ಮಾಡಿದೆ. ಅವಳು ಬಸ್ ನಿಲ್ದಾಣದಲ್ಲಿದ್ದಳು. ನನಗೆ ಬಾಯಿ ತೆರೆಯಲು ಬಿಡಲಿಲ್ಲ.

“ಮತಾಂತ್! ಚೆನ್ನಾಗಾಯ್ತು. ಆ ವರ್ಷದ್ದು ಕೇಳೇ ಕೇಳಿದ್ರು. ಹೇಳ್ದೆ. ಮೂರು ಜನ ಕೂತಿದ್ರು, ಒಬ್ಬರು ವಯಸ್ಸಾದವರು, ಅವರು ಬರೆಯೋದು ಬಿಟ್ಟು ಮುಂದಕ್ಕೆ ಬಗ್ಗಿದ್ರು. ಪಟ್ಟಿ ಮೇಲೆ ಕಲ್ಲು ಯಾವುದು ಆಲೂಗಡ್ಡೆ ಯಾವುದು ಅಂತ ಹೇಗೆ ಗೊತ್ತಾಗುತ್ತೆ, ಎರಡೂ ಮಣ್ಣು ಮೆತ್ಕೊಂಡಿರ್ತವಲ್ಲ ಅಂತ ಕೇಳಿದ್ರು. ಕಣ್ಣಲ್ಲಿ ಅಲ್ಲ ಸಾರ್, ಬೆರಳಲ್ಲಿ ಅಂದೆ. ಮೂರೂ ಜನ ನಕ್ಕರು, ಕೆಟ್ಟ ನಗು ಅಲ್ಲ. ಪಪಾಗೆ ಕೊಡು ಫೋನು, ನಾನೇ ಹೇಳ್ತೀನಿ.”

ನಾನು ಅವಳ ಹೆಸರು ಹಿಡಿದು ಕರೆದೆ. ಅಷ್ಟಕ್ಕೇ ಗೊತ್ತಾಯಿತು ಅವಳಿಗೆ.

ಮಣ್ಣು ಮಾಡಿದ ಮಾರನೆಯ ದಿನ ಕೊನೆಯ ತುಂಡು ಹೊಲ ಬಾಕಿ ಇತ್ತು. ಕೊರೀನ್ ಅಪ್ಪನ ಕೋಟು ಹಾಕಿಕೊಂಡು ಯಂತ್ರ ಹತ್ತಿದಳು. ಯಾರೂ ಬೇಡವೆನ್ನಲಿಲ್ಲ. ಸಂಜೆಯವರೆಗೆ ಪಟ್ಟಿಯ ಪಕ್ಕ ನಿಂತು ಕಲ್ಲು ಎತ್ತಿ ಎಸೆದಳು. ಯಾರ ಜೊತೆಯೂ ಮಾತಾಡಲಿಲ್ಲ, ನನ್ನ ಜೊತೆಯೂ ಇಲ್ಲ. ಯಾಕೆ ಫೋನ್ ಮಾಡಲಿಲ್ಲ ಎಂದು ಅವಳು ಕೇಳುತ್ತಾಳೆಂದು ನಾನು ದಿನವೂ ಕಾದೆ. ಕೇಳದೆಯೇ ಬಸ್ಸು ಹತ್ತಿದಳು.

ಡಿಸೆಂಬರಿನಲ್ಲಿ ಆ ಶಾಲೆ ಅವಳನ್ನು ತೆಗೆದುಕೊಂಡಿತು. ಸುದ್ದಿಯನ್ನು ಫೋನಿನಲ್ಲಿ ಹೇಳದೆ ಹಿಮದಲ್ಲಿ ಕಾರು ಓಡಿಸಿಕೊಂಡು ಬಂದಳು. ನನ್ನ ಮೇಜಿನ ಹತ್ತಿರ ಕೂತು, “ಸೇರಿಸ್ಕೊಂಡ್ರು ಮತಾಂತ್” ಎಂದಳು. ನಾನು ದೋಸೆ ಹುಯ್ದೆ. ಇಬ್ಬರೂ ತಿಂದೆವು. ಲಿಯೊನೆಲ್‌ನ ಕುರ್ಚಿಯ ಮೇಲೆ ಅವಳ ಕೋಟು ಇತ್ತು. ಭಾನುವಾರ ಚರ್ಚಿನಲ್ಲಿ ಆಲ್ಸೀಡ್ ಅವಳ ಕೈ ಹಿಡಿದುಕೊಂಡು ನಿಂತ. ಹಲ್ಲಿನ ಮಾತೆತ್ತಲಿಲ್ಲ.

ಅವಳು ಹೋಗಿ ಎರಡು ವರ್ಷ ದಾಟಿದ ಮೇಲೆ ಫೋನ್ ಮಾಡಿದಳು. ಪೂರ್ತಿ ಹಲ್ಲಿನ ಸೆಟ್ಟು ಕಟ್ಟುವುದನ್ನು ಕಲಿಯಬೇಕು, ಹಲ್ಲೇ ಇಲ್ಲದ ಬಾಯಿ ಬೇಕು, ಬರುತ್ತೀಯಾ ಎಂದು. ನನ್ನ ಸೆಟ್ಟು ಸವೆದು ಅಲ್ಲಾಡುತ್ತಿತ್ತು. ಆಲ್ಸೀಡ್ ನನ್ನನ್ನು ಬಸ್ಸಿನವರೆಗೆ ಬಿಟ್ಟ.

ಅದೊಂದು ಉದ್ದನೆಯ ಕೋಣೆ, ಸಾಲಾಗಿ ಕುರ್ಚಿಗಳು, ಪ್ರತಿ ಕುರ್ಚಿಯ ಪಕ್ಕ ಒಬ್ಬ ಎಳೆಯ ಡಾಕ್ಟರು. ಕೊರೀನ್‌ಳೇ ಎಲ್ಲರಿಗಿಂತ ದೊಡ್ಡವಳು. ನನ್ನ ಕುತ್ತಿಗೆಗೆ ಬಟ್ಟೆ ಕಟ್ಟಿದಳು. ಅವಳ ಮೇಷ್ಟ್ರು ಬಂದು ಬಗ್ಗಿ ನೋಡಿ, ಹಲ್ಲು ಯಾವಾಗ ಕಳೆದುಕೊಂಡಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಕೊರೀನ್ ನನ್ನ ಬದಲು ಹೇಳಿದಳು, “ಹದಿನೆಂಟಕ್ಕೆ ಸಾರ್. ಅವರ ತಂದೆ ಮದುವೆಗೆ ಕೊಟ್ಟ ಉಡುಗೊರೆ.” ಮೇಷ್ಟ್ರು ನನ್ನ ಮುಖ, ಅವಳ ಮುಖ ನೋಡಿ, ಮುಂದಿನ ಕುರ್ಚಿಗೆ ಹೋದರು.

ಅವಳು ಅಚ್ಚು ತೆಗೆಯುವ ಗುಲಾಬಿ ಬಣ್ಣದ ಹಿಟ್ಟು ಕಲಸಿ, ಲಾಳದ ಆಕಾರದ ತಟ್ಟೆಗೆ ತುಂಬಿ, ನನ್ನ ಮೇಲಿನ ವಸಡಿಗೆ ಒತ್ತಿದಳು. ಬಾಯಿ ತುಂಬಿ ಅಂಗುಳಕ್ಕೆ ಅಂಟಿತು. ಎರಡು ಬೆರಳಿನಲ್ಲಿ ಅದನ್ನು ಹಿಡಿದು, “ಮೂಗಲ್ಲಿ ಉಸಿರಾಡು. ಅಲ್ಲಾಡಬೇಡ. ಗಟ್ಟಿಯಾಗ್ಲಿ” ಎಂದಳು.

ಹಾಗೆ ಹಿಡಿದುಕೊಂಡಿದ್ದವಳು ಮೆಲ್ಲಗೆ ನಮ್ಮ ಫ್ರೆಂಚಿನಲ್ಲಿ ಶುರುಮಾಡಿದಳು. ಸುತ್ತ ಯಾರಿಗೂ ಅರ್ಥವಾಗುವಂತಿರಲಿಲ್ಲ.

“ಇಲ್ಲಿ ಸಂದರ್ಶನಕ್ಕೆ ಬರೋರನ್ನ ಕರ್ಕೊಂಡು ಓಡಾಡಿಸೋದು ಈಗ ನಮ್ಮ ಕೆಲಸ, ಮತಾಂತ್. ಹೋದ ತಿಂಗಳು ಒಬ್ಬ ಹುಡುಗ ಬರಬೇಕಿತ್ತು. ಬೆಳಿಗ್ಗೆ ಆಫೀಸಿಗೆ ಫೋನ್ ಮಾಡ್ದ. ಅಜ್ಜಿ ಆಸ್ಪತ್ರೇಲಿದಾರೆ, ಬೇರೆ ದಿನ ಕೊಡ್ತೀರಾ ಅಂತ. ಆಫೀಸಿನವಳು ಕ್ಯಾಲೆಂಡರ್ ನೋಡಿದ್ಲು. ಎರಡು ವಾರ ಬಿಟ್ಟು ಬಾರಪ್ಪ, ಅಜ್ಜಿನ ಚೆನ್ನಾಗಿ ನೋಡ್ಕೋ ಅಂದ್ಲು. ಫೋನ್ ಇಟ್ಟು ಕಾಫಿ ಕುಡಿದ್ಲು.” ಅವಳ ಬೆರಳು ನನ್ನ ಬಾಯೊಳಗೆ ಸ್ವಲ್ಪವೂ ಅಲುಗಲಿಲ್ಲ. “ಅಷ್ಟೇ ಮತಾಂತ್. ನಾನು ಅಲ್ಲೇ ನಿಂತಿದ್ದೆ. ಕೇಳಿದ್ರೆ ಸಾಕಾಗಿತ್ತು.”

ಬಾಯಿ ತುಂಬ ಹಿಟ್ಟು. ನಾನು ಅವಳ ಕಣ್ಣು ನೋಡಿದೆ. ಮೂಗು ಬಾಯಿ ಮುಚ್ಚಿದ ಬಟ್ಟೆಯ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು. ಲಿಯೊನೆಲ್‌ನ ಕಣ್ಣೇ. ಮಾತಾಡಲಾಗದವಳ ಹತ್ತಿರ ಮಾತ್ರ ಅವಳಿಗೆ ಅದನ್ನು ಹೇಳಲು ಆಗಿದ್ದೆಂದು ನನಗೆ ಗೊತ್ತಾಯಿತು.

ಗಟ್ಟಿಯಾದ ಮೇಲೆ ತಟ್ಟೆ ಬಿಡಿಸಿ ತೆಗೆದಳು. ಅಚ್ಚನ್ನು ಬೆಳಕಿಗೆ ಹಿಡಿದು ನೋಡಿದಳು. ವಸಡಿನ ಗೆರೆ ಗೆರೆಯೂ ಬಂದಿತ್ತು. ಬೆಚ್ಚನೆಯ ಬಟ್ಟೆಯಲ್ಲಿ ನನ್ನ ಗದ್ದ ಒರೆಸಿದಳು.

“ಕೇಳಬಹುದು ಅಂತ ನಮಗೆ ಗೊತ್ತಿರಲಿಲ್ಲ ಕೊರೀನ್” ಎಂದೆ. ಹಲ್ಲಿಲ್ಲದ ಬಾಯಿ, ಮಾತು ಸರಿಯಾಗಿ ಹೊರಡಲಿಲ್ಲ. “ಅವನಿಗೂ ಗೊತ್ತಿರಲಿಲ್ಲ.”

“ಗೊತ್ತು ಮತಾಂತ್. ನನಗೂ ಗೊತ್ತಿರಲಿಲ್ಲ.”

ಅವಳು ಕೆಳಗಿನ ವಸಡಿಗೆಂದು ಇನ್ನೊಂದು ಸಲ ಹಿಟ್ಟು ಕಲಸಿದಳು. ತಟ್ಟೆಗೆ ತುಂಬಿ, ಅಂಚು ಬೆರಳಿನಿಂದ ಸರಿಮಾಡಿ, ನನ್ನ ಕಡೆ ತಿರುಗಿದಳು.

“ಬಾಯಿ ತೆಗಿ.”

ತೆರೆದೆ.